ಅಮ್ಮನ ಕೋಣ ಹುಡುಕಲು ಹೊರಟವರು

ನಮ್ಮೂರಿನವರಿಗೆ ಒಂದು ಕೆಲಸ ಹೇಳಿ ನೋಡಿ. ಮೊದಲು ಎಲೆಯಡಿಕೆಯ ಕವಳ ಹಾಕುತ್ತಾರೆ, ಆಮೇಲೆ ಮಾತಿಗೆ ಕೂರುತ್ತಾರೆ, ಮಾತು ಮುಗಿಯುವಷ್ಟರಲ್ಲಿ ಕೆಲಸದ ಕಾಲವೇ ಮುಗಿದಿರುತ್ತದೆ. ಅಮ್ಮನ ಕೋಣವನ್ನು ಹುಡುಕಲು ಊರಂಚಿನ ಕಾಡಾದ ದೊಡ್ಡಕಾನಿನೊಳಗೆ ಒಂದೆರಡು ರಾತ್ರಿ ಬಿಡಾರ ಹೂಡುವುದೆಂದು ನಮ್ಮ ಜಗಲಿಯಲ್ಲಿ ಮಾತು ಶುರುವಾದದ್ದು ಶಿವರಾತ್ರಿ ಕಳೆದ ಮೇಲೆ. ಯುಗಾದಿ ಬಂದರೂ ನಾವಿನ್ನೂ ಅಕ್ಕಿ ಯಾರ ಮನೆಯದು ಎಂಬಲ್ಲೇ ಇದ್ದೆವು. ಅತ್ತ ಲಿಂಗನಮಕ್ಕಿಯಲ್ಲಿ ಕಟ್ಟೆ ಏಳುತ್ತಿತ್ತು. ಈ ಸಲದ ಮಳೆಗೆ ನೀರು ನಿಲ್ಲಿಸುತ್ತಾರೆ, ಊರು, ಗದ್ದೆ, ಕಾನು ಎಲ್ಲ ಮುಳುಗುತ್ತದೆ ಎಂದು ಸರ್ಕಾರದವರು ಹೇಳಿ ಹೋಗಿದ್ದರು. ಹೊಸ ಜಾಗಕ್ಕೆ ಸಾಮಾನು ಸಾಗಿಸುವ ಲಾರಿಗಳು ಆಗಲೇ ಓಡಾಡುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೋಣದ ಕಥೆ ಇಷ್ಟು. ಯಾವ ಕಾಲದಲ್ಲೋ ಮಾರಿಗೆಂದು ಬಿಟ್ಟಿದ್ದ ಕೋಣ ಬಲಿಯ ಹಿಂದಿನ ದಿನ ಹಗ್ಗ ಕಿತ್ತುಕೊಂಡು ದೊಡ್ಡಕಾನು ಸೇರಿತಂತೆ. ಕಾನಿನ ಅಂಚಿನಲ್ಲಿದ್ದ ದೇವಿ ಚೌಡಮ್ಮ ಅದನ್ನು ತನ್ನದೆಂದು ಇಟ್ಟುಕೊಂಡಳಂತೆ. ಅಂದಿನಿಂದ ಅದಕ್ಕೆ ಸಾವಿಲ್ಲ. ಅದರ ಕೊರಳಿನ ಗಂಟೆ ಈಗಲೂ ಕೇಳುತ್ತದೆ. ಆ ಗಂಟೆಯ ಹಿಂದೆ ಹೋದವರನ್ನು ಅದು ಕೊಲ್ಲುವುದಿಲ್ಲ, ತನ್ನ ಜೊತೆಗೆ ಇಟ್ಟುಕೊಳ್ಳುತ್ತದೆ.

ನನಗೆ ಕೋಣದಲ್ಲಿ ನಂಬಿಕೆ ಇರಲಿಲ್ಲ. ನನಗೆ ಬೇಕಾಗಿದ್ದವನು ನಮ್ಮ ಭಾವ ನಿಂಗಪ್ಪ. ಹಿಂದಿನ ವರ್ಷ ಭೂಮಿ ಹುಣ್ಣಿಮೆ ಕಳೆದ ಮೇಲೆ, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಿಕೊಂಡು ಕಾನಿಗೆ ಹೋದ. ಎಮ್ಮೆ ಮಾರನೆಯ ದಿನ ತಾನಾಗಿಯೇ ಬಂತು. ಭಾವ ಬರಲಿಲ್ಲ. ಊರವರು ಹುಡುಕಿದರು, ಬರಿಗೈಯಲ್ಲಿ ಬಂದು ಹುಲಿ ಎಂದರು. ನನ್ನ ಅಕ್ಕ ದುಗ್ಗಮ್ಮ ಮಾತ್ರ ಒಪ್ಪಲಿಲ್ಲ.

"ಹುಲಿ ಆದ್ರೆ ಕಂಬ್ಳಿ ಚೂರಾದ್ರೂ ಸಿಗ್ತಿತ್ತು. ಕೋಣ ಇಟ್ಕಂಡಿದೆ," ಎಂದಳು. ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಊರ ಹೆಂಗಸರು ಅವಳನ್ನು ಮುತ್ತೈದೆ ಎಂದು ಕರೆಯುವುದೋ ಬೇಡವೋ ತಿಳಿಯದೆ, ಕೊನೆಗೆ ಕರೆಯುವುದನ್ನೇ ಬಿಟ್ಟರು. ಲಾರಿಗಳು ಬರತೊಡಗಿದ ಮೇಲೆ ಅವಳಿಗೆ ಒಂದೇ ಚಿಂತೆಯಾಯಿತು.

"ನಾವು ಹೋದ್ಮೇಲೆ ಅವ್ರು ಕಾನಿಂದ ಇಳಿದು ಬಂದ್ರೆ ಎಂತ ಮಾಡದು ತಮ್ಮ? ಬರೀ ನೀರಲ್ವೇನೋ ಕಾಣದು?"

ಜೀವಂತ ಸಿಗುತ್ತಾನೆಂಬ ಆಸೆ ನನಗಿರಲಿಲ್ಲ. ಒಂದು ಮೂಳೆಯಾದರೂ ಸಿಕ್ಕರೆ ಅವಳು ಅತ್ತು ಮುಗಿಸಿ ಲಾರಿ ಹತ್ತಿಯಾಳು ಎಂದುಕೊಂಡಿದ್ದೆ. ಅದಕ್ಕೇ ಜನ ಕೂಡಿಸಿದ್ದೆ.

ಜೋಗದಲ್ಲಿ ಕರೆಂಟಿನ ಕೆಲಸದಲ್ಲಿದ್ದ ನನ್ನ ಸ್ನೇಹಿತ ಉಮಾಮಹೇಶ್ವರ ಗುಡಾರವನ್ನೂ ಗ್ಯಾಸ್‌ಲೈಟನ್ನೂ ತರುತ್ತೇನೆಂದ. ತೋಟದ ಹೇರಂಬ ಹೆಗಡೆಯವರು ಕೋವಿ ತರಲು ಒಪ್ಪಿದರು.

"ಆದ್ರೆ ನನ್ನ ಅನ್ನ ನಾನೇ ಬೇಯಿಸ್ಕಳ್ಳೋದು. ಒಲೆ ಬೇರೆ," ಎಂದರು ಹೆಗಡೆಯವರು.

ಹಳ್ಳದ ಮೇಲುಗಡೆ ಯಾರ ಒಲೆ, ಕೆಳಗಡೆ ಯಾರ ಒಲೆ ಎಂದು ಒಂದು ಸಂಜೆ ಪೂರ್ತಿ ಹೋಯಿತು. ಇನ್ನೊಂದು ಸಂಜೆ, ಕೋಣ ಎದುರಾದರೆ ಗುಂಡು ಹೊಡೆಯಬಹುದೇ ಎಂದು ಚರ್ಚೆ. ಅಮ್ಮನ ಕೋಣಕ್ಕೆ ಗುಂಡೇ, ಎಂದು ಎಲ್ಲರೂ ಕೆನ್ನೆ ಬಡಿದುಕೊಂಡರು.

"ಮತ್ತೆ ಕೋವಿ ಎಂತಕ್ಕೆ? ಕೋಣಕ್ಕೆ ತೋರ್ಸಕಾ?" ಎಂದು ನಾನು ರೇಗಿದೆ.

ಚೌಡಮ್ಮನ ಪೂಜೆಯ ಮಾಸ್ತಪ್ಪಜ್ಜ ಕೊನೆಗೆ ಬಾಯಿ ಬಿಟ್ಟ. ದೊಡ್ಡಕಾನಿನ ಒಳದಾರಿ ಬಲ್ಲವರು ಅವನೂ ಅವನ ಮನೆಯವರೂ ಮಾತ್ರ. ಅಲ್ಲಿ ರಾತ್ರಿ ಉಳಿಯಬೇಕಾದರೆ ಚೌಡಮ್ಮನ ಅಪ್ಪಣೆ ಬೇಕು. ಅವಳ ಕಲ್ಲಿನ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅಪ್ಪಣೆ ಸಿಕ್ಕಿತೆಂದು ಲೆಕ್ಕ.

"ಮಂಗಳವಾರ ಹೂ ಕೇಳ್ತೀನಿ. ಬಲಕ್ಕೆ ಬಿದ್ರೆ ಬುಧವಾರ ನಾನೇ ಮುಂದೆ ನಡೀತೀನಿ," ಎಂದ.

ಅಕ್ಕ ಅಂದೇ ಅವಲಕ್ಕಿ ಕುಟ್ಟಲು ಕೂತಳು. ಎಷ್ಟೋ ತಿಂಗಳ ಮೇಲೆ ಅವಳು ಹಾಡು ಗುನುಗಿದಳು.

ಮಂಗಳವಾರ ಹಣ್ಣುಕಾಯಿ ಹಿಡಿದುಕೊಂಡು ಹೋದೆ. ಚೌಡಮ್ಮ ಇರಲಿಲ್ಲ. ಕಲ್ಲಿದ್ದ ಜಾಗದಲ್ಲಿ ಒಂದು ಗುಂಡಿ, ಪಕ್ಕದಲ್ಲಿ ಮಾಸ್ತಪ್ಪಜ್ಜ ಕೂತಿದ್ದ.

"ಮೊನ್ನೆ ಲಾರಿ ಬಂತು ವಾಸಪ್ಪ. ಇನ್ನೊಂದು ಯಾವಾಗ ಅಂತ ಗೊತ್ತಿಲ್ಲ ಅಂದ್ರು. ಅಮ್ಮನ್ನ ಹೊಸ ಜಾಗಕ್ಕೆ ಕಳಿಸಿಬಿಟ್ಟೆ."

"ಎರಡು ದಿನ ತಡೆಯಕೆ ಎಂತ ಆಗಿತ್ತು ನಿಂಗೆ?"

"ಲಾರಿ ನಂದೇನೋ? ಅಮ್ಮನ್ನ ನೀರಲ್ಲಿ ಬಿಟ್ಟು ಹೋಗ್ಲಾ?"

ಬಾಯಿಗೆ ಬಂದ ಹಾಗೆ ಬೈದೆ. ಮುದುಕ ಎಲ್ಲವನ್ನೂ ಕೇಳಿಸಿಕೊಂಡ. ಗುಂಡಿಯ ಮುಂದೆಯೇ ಕಾಯಿ ಒಡೆದು ಹೊರಡೋಣ ಎಂದೆ. ಅವನು ಆಗದೆಂದು ತಲೆಯಾಡಿಸಿದ.

"ಅಮ್ಮನ್ನ ಎಬ್ಬಿಸುವಾಗ ಅವಳ ಪರಿವಾರನ್ನೆಲ್ಲ ಹೆಸರು ಹಿಡಿದು ಕರೀಬೇಕು. ಇಲ್ದಿದ್ರೆ ಹಿಂದೆ ಉಳೀತಾವೆ. ಭೂತ, ಜಟಕ, ಎಲ್ಲಾನೂ ಕರೆದೆ. ಕೋಣನ್ನೂ ಕರೆದೆ. ಅದು ಅಮ್ಮನ ಹಿಂದೆ ಹೋಯ್ತು. ಇಲ್ಲಿ ಇಲ್ದಿದ್ದನ್ನ ಎಲ್ಲಿ ಅಂತ ಹುಡುಕ್ತೀಯ? ಅಮ್ಮ ಇಲ್ಲದ ಕಾಡಲ್ಲಿ ಮಲಗಿದ್ರೆ ಕಾಯೋರು ಯಾರು?"

ಸುದ್ದಿ ಹರಡಿತು. ಕೋವಿ ಬರುವುದಿಲ್ಲವೆಂದು ಹೆಗಡೆಯವರು ಹೇಳಿ ಕಳಿಸಿದರು. ಉಳಿದವರು ಹಂಚು ಇಳಿಸಲು ಮನೆಗಳ ಮೇಲೆ ಹತ್ತಿದರು. ಯಾರ ಮೇಲೆ ಸಿಟ್ಟು ಮಾಡಲಿ? ಎಲ್ಲರ ಮನೆಯೂ ಮುಳುಗುವುದೇ ಆಗಿತ್ತು.

ಬುಧವಾರ ಉಮಾಮಹೇಶ್ವರ ಗುಡಾರವನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ. ನಾವಿಬ್ಬರೇ ಹೋದೆವು. ದಾರಿ ಬಲ್ಲವರಿಲ್ಲದೆ ಕಾನು ಹೊಕ್ಕರೆ ಏನಾಗಬೇಕೋ ಅದೇ ಆಯಿತು. ಎಷ್ಟು ನಡೆದರೂ ಅದೇ ಹಳ್ಳಕ್ಕೆ ಬಂದು ಸೇರುತ್ತಿದ್ದೆವು. ಸಂಜೆಯ ಹೊತ್ತಿಗೆ ಅಂತೂ ಹೊರಗೆ ಬಂದೆವು, ಗುಡಾರ ಬಿಚ್ಚಲೇ ಇಲ್ಲ.

"ರಜೆ ಇಲ್ಲ, ತಪ್ಪು ತಿಳ್ಕಬೇಡ ಮಾರಾಯ," ಎಂದು ಅವನು ಮರುದಿನ ಬೆಳಗ್ಗೆ ಜೋಗಕ್ಕೆ ಹೋದ. ಅಕ್ಕ ಅವಲಕ್ಕಿಯನ್ನು ಅವನಿಗೇ ಕಟ್ಟಿಕೊಟ್ಟಳು.

ವಾರ ಕಳೆಯುವುದರೊಳಗೆ ನಮ್ಮ ಲಾರಿಯೂ ಬಂತು. ಪಾತ್ರೆ, ನೇಗಿಲು, ಕೋಳಿ ಎಲ್ಲ ಹೇರಿದೆವು. ಮಾಸ್ತಪ್ಪಜ್ಜನೂ ನಮ್ಮ ಲಾರಿಯಲ್ಲೇ ಕೂತ. ಅಕ್ಕ ತಕರಾರಿಲ್ಲದೆ ಹತ್ತಿದ್ದು ನನಗೆ ಆಶ್ಚರ್ಯ. ಹತ್ತಿ ಕೂತವಳು ಅಜ್ಜನ ಕಡೆ ತಿರುಗಿದಳು.

"ಕೋಣನ್ನ ಕರೆದ್ರಲ್ಲ ಅಜ್ಜ, ಬಂತಾ?"

"ಬಂದೇ ಬಂತು ಮಗಾ. ಹೆಸರು ಹಿಡಿದು ಕರೆದ್ರೆ ಬರ್ಲೇಬೇಕು."

"ಅದರ ಜೊತೆಗೆ ಇರೋರು? ಅವ್ರ ಹೆಸರು ಕರೆದ್ರಾ?"

"ಅವನ ಹೆಸರು ನಂಗೆ ಹೊಳೀಲಿಲ್ಲ ಮಗಾ," ಎಂದ ಅಜ್ಜ.

ಅಕ್ಕ ಲಾರಿಯಿಂದ ಇಳಿದು ಗದ್ದೆ ದಾಟಿ ಕಾನಿನ ಅಂಚಿಗೆ ನಡೆದಳು. ನಾನು ಹಿಂದೆ ಓಡಿದೆ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಡಪು ಹೇಳುವಾಗ ಒಂದು ಸಲ ಹೇಳಿಸುತ್ತಾರೆ, ಅಷ್ಟೇ. ಅಕ್ಕ ಗುಂಡಿಯ ಪಕ್ಕ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ನಿಂಗಪ್ಪಾ! ನಾವು ಹೋಗ್ತಿದೀವಿ, ಬನ್ನಿ!"

ಕಾನು ಸುಮ್ಮನಿತ್ತು. ಲಾರಿಯವನು ಹಾರ್ನ್ ಒತ್ತಿದ. ಅಕ್ಕ ನನ್ನ ಮುಖ ನೋಡಿದಳು.

"ಕೇಳಿರ್ಬೋದಾ ತಮ್ಮ?"

ಏನನ್ನೂ ನಂಬದ ನಾನು ಕೂಡ ಗಂಟೆಯ ಸದ್ದಿಗೆ ಕಾಯುತ್ತಿದ್ದೆ.

"ಇನ್ನೊಂದ್ಸಲ ಕರಿ ಅಕ್ಕ," ಎಂದೆ.