ಚಿತ್ರಶಾಲೆಯ ಪಂಕ್ತಿ

ಪರಪ್ಪ ದೇಸಾಯರು ತಮ್ಮ ಚಿತ್ರಶಾಲೆಯಲ್ಲಿ ಹಿಮ್ಮುಖವಾಗಿ ನಡೆಯುತ್ತಿದ್ದರು. ಬಂದವರನ್ನು ಎದುರಿಗಿಟ್ಟುಕೊಂಡು, ಚಿತ್ರಗಳಿಗೆ ಬೆನ್ನುಕೊಟ್ಟು, ಮೊಣಕೈ ಸವೆದ ಕರಿಕೋಟಿನ ಕಿಸೆಯಲ್ಲಿ ಎರಡೂ ಕೈ ತುರುಕಿ, ಒಂದು ಕಂಬಕ್ಕೂ ತಾಗದೆ ಅವರು ಹಿಂದೆ ಹಿಂದೆ ಸರಿಯುವ ಪರಿಯೇ ಒಂದು ನೋಟವಾಗಿತ್ತು. ಗೋಡೆಯ ಮೇಲೇನಿದೆಯೆಂದು ಅವರಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ನೋಡುವವರ ಮುಖ. ಪ್ರತಿ ಚಿತ್ರದ ಮುಂದೆಯೂ "ಖರೆ ಹೇಳ್ರಿ, ಹೆಂಗನಸ್ತು?" ಎಂದು ಕೇಳುವರು, ಉತ್ತರ ಬರುವ ಮೊದಲೇ "ಇರ್ಲಿ, ಮೊದಲ ಊಟಾ ಮಾಡ್ರಿ" ಎಂದುಬಿಡುವರು.

ಗೋಕಾಕದಲ್ಲಿದ್ದ ದೇಸಾಯರ ಮನೆತನದ ದೊಡ್ಡ ಮನೆ, ಆ ಹಳೆಯ ವಾಡೆ, ಚಿತ್ರಶಾಲೆಯಾದದ್ದು ಒಂದು ಬಾಗಿಲಿನಿಂದ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಮೂಡಲಗಿಯಲ್ಲಿ ಯಾರೋ ಹಳೆಯ ಮನೆ ಕೆಡವಿ, ನವಿಲು ಬಳ್ಳಿಗಳ ಬಣ್ಣ ಇನ್ನೂ ಮಾಸದ ಬಾಗಿಲೊಂದನ್ನು ಉರುವಲಿಗೆಂದು ಸೀಳಲು ಕೊಡಲಿ ಎತ್ತಿದ್ದಾಗ, ದೇಸಾಯರು ಅವರನ್ನು ತಡೆದು, ಬದಲಿಗೆ ಒಂದು ಬಂಡಿ ಕಟ್ಟಿಗೆ ಕೊಟ್ಟು ಅದನ್ನು ತಂದರು. ಅದರ ಹಿಂದೆ ಗಾಜಿನ ಮೇಲಿನ ಚಿತ್ರಗಳು, ತೊಟ್ಟಿಲಿನ ಬಣ್ಣದ ಹಲಗೆಗಳು, ಗೋಕಾಕದ ಕುಶಲಕರ್ಮಿಗಳ ಕಟ್ಟಿಗೆಯ ಗೊಂಬೆಗಳು, ಇರುವೆಯೂ ಮೋಸಹೋಗುವಂಥ ಮಣ್ಣಿನ ಹಣ್ಣುಗಳು ಬಂದವು. ಪಡಸಾಲೆ ತುಂಬಿದ ಮೇಲೆ ವಾಡೆಯ ಬಾಗಿಲು ಎಲ್ಲರಿಗೂ ತೆರೆಯಿತು.

ತೊಡಕು ಶುರುವಾದದ್ದು ಅಲ್ಲಿಯೇ. ವಾಡೆಯ ಹೊಸ್ತಿಲು ದಾಟಿದವನು ಅತಿಥಿ. ಅತಿಥಿ ಹಸಿದು ಹೋಗಕೂಡದು. ದಾಸೋಹ ಆ ಮನೆತನದ ವ್ರತ. ಚಿತ್ರ ನೋಡಲು ಬಂದವನು ಅತಿಥಿಯೋ ಪ್ರೇಕ್ಷಕನೋ ಎಂಬ ಭೇದ ದೇಸಾಯರಿಗೆ ಹೊಳೆಯಲೇ ಇಲ್ಲ. ಹುಕ್ಕೇರಿ, ಘೋಡಗೇರಿಗಳಿಂದ ಬಂಡಿ ಕಟ್ಟಿಕೊಂಡು ಬರುವವರು ಹೆಚ್ಚಿದರು. ಜನರ ಬಾಯಲ್ಲಿ ಅದು 'ಊಟದ ವಾಡೆ'ಯಾಯಿತು. ನಾನು ಆಗ ಗೋಕಾಕದಲ್ಲಿ ಶಾಲಾ ಮಾಸ್ತರ. ಶ್ರಾವಣದಲ್ಲಿ ನಾನು ಹೋಗುತ್ತಿದ್ದುದು ಗಾಜಿನ ಚಿತ್ರಗಳಿಗೋ, ದೇಸಾಯರ ಮಡದಿ ಅಕ್ಕವ್ವನವರ ಹೋಳಿಗೆಗೋ, ಇಂದಿಗೂ ನಿರ್ಣಯವಾಗಿಲ್ಲ. ದೇಸಾಯರನ್ನು ಕಾಡಿದ ಗೊಂದಲವೂ ಅದೇ: ಎದುರಿನ ಮುಖದಲ್ಲಿ ಕಾಣುವುದು ಬೆರಗೋ ಹಸಿವೋ?

ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ಜೋಳ ತಳ ಕಂಡ ವರ್ಷ ಅಕ್ಕವ್ವನವರು ಖಡಾಖಂಡಿತವಾಗಿ ಹೇಳಿದರು: "ಉಣಸೋದರ ಬಿಡ್ರಿ, ಇಲ್ಲಾ ಚಿತ್ರಾ ತೋರಸೋದರ ಬಿಡ್ರಿ. ಎರಡೂ ಈ ಮನಿಗೆ ಆಗೂದಿಲ್ಲ."

ದೇಸಾಯರು ಊಟ ನಿಲ್ಲಿಸಿದರು. ಚಿತ್ರಕ್ಕಾಗಿಯೇ ಬರುವವರು ಯಾರೆಂದು ಈಗಲಾದರೂ ತಿಳಿಯಲಿ ಎಂದು ನನ್ನೊಡನೆ ಕಟ್ಟೆಯ ಮೇಲೆ ಕುಳಿತರು. ಒಂದು ವಾರ ನರಪಿಳ್ಳೆಯೂ ಸುಳಿಯಲಿಲ್ಲ. ಬಾಡಿದ ಆ ಮುಖವನ್ನು ನೋಡಿ ನನಗೇ ಸಂಕಟವಾಯಿತು.

ಕಡೆಗೆ, ಸಂತೆಗೆಂದು ಬಂದಿದ್ದ ಕೌಜಲಗಿಯ ಕಾಡವ್ವ ಎಂಬ ಮುದುಕಿ ಒಳಗೆ ಬಂದು, ಮೂಡಲಗಿಯ ಬಾಗಿಲಿನ ಮುಂದೆ ಬಹಳ ಹೊತ್ತು ನಿಂತಳು. "ಹಿಂದ ಎರಡ ಸಲಾ ಬಂದಿದ್ನಿರಿ ಧಣ್ಯಾರ," ಎಂದಳು. "ಊಟದ ಗದ್ದಲದಾಗ ಈ ನವಲಾ ನೋಡಾಕ ಆಗಿದ್ದಿಲ್ಲ. ಇವತ್ತ ಕಣ್ತುಂಬ ನೋಡಿದ್ನಿ."

ದೇಸಾಯರ ಕಣ್ಣಲ್ಲಿ ನೀರಾಡಿತು. ಇಷ್ಟು ವರ್ಷ ಹುಡುಕಿದ ಮುಖ ಎದುರಿಗೇ ಇತ್ತು. ಒಳಗೆ ತಿರುಗಿ ಮಡದಿಗೆ, "ಇಲ್ಲಿ ಕೇಳ, ಒಂದ ತಾಟ ಹಚ್ಚ" ಎಂದರು. ಹಸಿವಿಲ್ಲವೆಂದು ಮುದುಕಿ ಎಷ್ಟು ಹೇಳಿದರೂ ಬಿಡಲಿಲ್ಲ. ಅಕ್ಕವ್ವನವರು ರೊಟ್ಟಿ ತಂದಿಟ್ಟರು.

ಮರುದಿನದಿಂದ, ಸಾಲ ತಂದ ಜೋಳದಲ್ಲಿ, ಪಂಕ್ತಿಯೂ ಗದ್ದಲವೂ ಯಥಾಪ್ರಕಾರ. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಳುಕಡಿಗೆ ರೇಷನ್ ಬಂದಾಗ ಚಿತ್ರಶಾಲೆಗೆ ಬೀಗ ಹಾಕಿದವರು ಅಕ್ಕವ್ವನವರಲ್ಲ, ದೇಸಾಯರೇ. ಚಿತ್ರಗಳೇನು ಅನ್ನ ಕೇಳುತ್ತವೆಯೇ, ತೆರೆದಿಡಬಾರದೇ ಎಂದೆ. ಅವರು ನನ್ನನ್ನು ಅರ್ಥವಾಗದವರಂತೆ ನೋಡಿ, "ಉಣಸಾಕ ಆಗದ ಮನಿಗೆ ಮಂದೀನ ಹೆಂಗ ಕರೀಲ್ರಿ, ಮಾಸ್ತರ?" ಎಂದರು.

ಇಂಥವರನ್ನು ಕಲಾಪ್ರೇಮಿಗಳೆನ್ನಲೋ ಮನುಷ್ಯಪ್ರೇಮಿಗಳೆನ್ನಲೋ ನನಗೆ ತಿಳಿಯದು. ತಮಗೆ ಪ್ರಾಣವಾದುದನ್ನು ನೋಡಲು ಬನ್ನಿರೆಂದು ಕರೆಯುತ್ತಾರೆ. ಬಂದವರು ದಣಿದಿದ್ದಾರೆಂದು ಕನಿಕರಪಟ್ಟು ಉಣಿಸಿ ಕಳಿಸುತ್ತಾರೆ. ಅವರು ತೋರಿಸಬೇಕೆಂದಿದ್ದುದನ್ನು ನಾವು ನೋಡಲೇ ಇಲ್ಲವೆಂದು, ಕೈತೊಳೆದುಕೊಂಡು ಹೊರಬಿದ್ದ ಮೇಲೆ ನಮಗೆ ಹೊಳೆಯುತ್ತದೆ.