ಬಿಲ್ಲೆಯ ಮೇಲಿನ ಹೆಸರು

“ಲೇ ಮುದುಕ, ಸೋನಿಯಾ ಹೋಗ್ಬಿಟ್ಳಂತೆ. ಆಸ್ಪತ್ರೆಯಿಂದ ಫೋನ್ ಬಂದಿತ್ತು. ಕೈ ನಿಲ್ಲಿಸ್ಬೇಡ, ಬೆಲ್ಟು ಓಡ್ತಾ ಇದೆ.”

ಮೇಸ್ತ್ರಿ ಡ್ವೇನ್ ಇಷ್ಟು ಹೇಳಿದ. ನನ್ನ ಕೈಯಲ್ಲಿ ಹಂದಿಯ ಕರುಳು ಇನ್ನೂ ಬೆಚ್ಚಗಿತ್ತು. ಒಮ್ಮೆ ಹೋಗಿ ಮುಖ ನೋಡಿ ಬರುತ್ತೇನೆ ಎಂದೆ.

“ಯಾಕೆ? ಕಾಗದದಲ್ಲಿ ನೀನವಳಿಗೆ ಯಾವನು?”

ಕಾಗದದಲ್ಲಿ ನಾನು ಯಾರೂ ಅಲ್ಲ. ಗ್ವಾಟೆಮಾಲಾದ ಬೆಟ್ಟ ಇಳಿದು, ಕಾಗದಪತ್ರವಿಲ್ಲದೆ, ಅಮೆರಿಕದ ನೆಬ್ರಾಸ್ಕಾದ ಈ ಹಂದಿಮಾಂಸದ ಕಾರ್ಖಾನೆಗೆ ಬಂದಾಗ, ಈ ಊರು ಬಿಟ್ಟುಹೋಗಿದ್ದ ಯಾರೋ ಸೋನಿಯಾಳ ಗುರುತಿನ ಚೀಟಿ ನನ್ನ ಮಗಳು ಮಿಕಾಯೆಲಾಳಿಗೆ ಸಿಕ್ಕಿತು. ನನಗೆ ಯಾರೋ ಹೆಕ್ಟರ್‌ನದು. ಕೊಡಿಸಿದವನು ಇದೇ ಡ್ವೇನ್. ಎದೆಯ ಬಿಲ್ಲೆಯ ಮೇಲೆ ಆ ಹೆಸರುಗಳನ್ನು ಹೊತ್ತು ನಾವು ನಾಲ್ಕು ವರ್ಷ ದುಡಿದೆವು.

ಆ ವಾರ ಸೋಮವಾರ ಮಗಳ ಹೊಕ್ಕುಳ ಸುತ್ತ ಹುಟ್ಟಿದ ನೋವು ಬಲಗಡೆ ಕೆಳಕ್ಕೆ ಇಳಿಯಿತು. ಬಗ್ಗಿ ಕೂತವಳನ್ನು ಕಂಡು ಡ್ವೇನ್, ಯಾವನ ಬಸಿರೇ ಎಂದು ಎಲ್ಲರೆದುರು ಕೇಳಿದ. ಆಮೇಲೆ ತಾನೇ ಆಸ್ಪತ್ರೆಗೆ ಕರೆದೊಯ್ದ. ಮಧ್ಯಾಹ್ನದೊಳಗೆ ಅವಳು ಕೆಲಸದ ಮೇಜಿಗೆ ಮರಳಬೇಕಿತ್ತು. ಇಂಗ್ಲಿಷ್ ತಿಳಿಯದಿದ್ದರೆ ಹೇಳಿಕೊಡಲಿ ಎಂದು ನನ್ನನ್ನೂ ಕಾರಿಗೆ ಹತ್ತಿಸಿಕೊಂಡ.

ಡಾಕ್ಟರಮ್ಮ ಎಳೆಯ ವಯಸ್ಸಿನವಳು, ಕೆಟ್ಟವಳಲ್ಲ. ಬಟ್ಟೆಯ ಮೇಲಿಂದಲೇ ಹೊಟ್ಟೆ ಒತ್ತಿದಳು. ಕೈ ತೆಗೆದಾಗ ಮಗಳು ಚೀರಿದಳು. ಅಪೆಂಡಿಕ್ಸ್ ಇರಬಹುದು, ಈಗಲೇ ಸಿ.ಟಿ. ಸ್ಕ್ಯಾನ್ ಮಾಡಿಸೋಣ ಎಂದವಳು ಕಂಪ್ಯೂಟರಿನ ಕಡೆ ತಿರುಗಿ, ಸೋನಿಯಾಳ ಹಳೆಯ ದಾಖಲೆ ನೋಡಿ ನಿಂತುಬಿಟ್ಟಳು.

“ನಿಮ್ಮ ಅಪೆಂಡಿಕ್ಸ್ ಒಂಬತ್ತು ವರ್ಷದ ಹಿಂದೆ ಇಲ್ಲೇ ತೆಗ್ದಿದಾರಲ್ಲಾ, ಸೋನಿಯಾ?”

ಮಿಕಾಯೆಲಾ ನನ್ನ ಮುಖ ನೋಡಿದಳು. ಮಂಚದ ಸುತ್ತಲ ಪರದೆಯ ಪಕ್ಕದಲ್ಲಿ ಡ್ವೇನ್ ಗಮ್ ಅಗಿಯುತ್ತ ನಿಂತಿದ್ದ. ಒಪ್ಪಿಕೋ ಎಂಬಂತೆ ನಾನು ಅವಳ ಕೈ ಅದುಮಿದೆ.

“ಹೂಂ,” ಎಂದಳು ನನ್ನ ಮಗಳು.

ಹಾಗಿದ್ದರೆ ಸ್ಕ್ಯಾನ್ ಬೇಡ, ಕರುಳಿನ ಸೋಂಕಿರಬೇಕು ಎಂದು ಮಾತ್ರೆ ಬರೆದುಕೊಟ್ಟಳು. ಅವಳ ಹೊಟ್ಟೆಯ ಮೇಲೆ ಹೊಲಿಗೆಯ ಗುರುತು ಒಂದೂ ಇರಲಿಲ್ಲ. ಯಾರೂ ಹುಡುಕಲಿಲ್ಲ.

ಅಂದು ಸಂಜೆ ಅವಳು ಮಂಚದಲ್ಲಿ ಮುದುಡಿಕೊಂಡು, “ಪುಣ್ಯವಂತೆ ಕಣಪ್ಪಾ ಆ ಸೋನಿಯಾ, ಮೊದ್ಲೇ ತೆಗೆಸ್ಕೊಂಡವ್ಳೆ. ನಂದು ಯಾರು ತೆಗೀತಾರೆ?” ಎಂದು ನಕ್ಕಳು.

ಮಂಗಳವಾರ ನೋವು ನಿಂತಿತು. ದೇವರ ಕೃಪೆ ಎಂದು ಮೇಣದಬತ್ತಿ ಹಚ್ಚಿದೆ. ಒಳಗೆ ಅಪೆಂಡಿಕ್ಸ್ ಒಡೆದಿದ್ದರಿಂದ ನೋವು ನಿಂತಿತ್ತು. ಬುಧವಾರ ಕರುಳಿನ ಮೇಜಿನ ಪಕ್ಕ ಬಿದ್ದಳು. ಆಗ ಸ್ಕ್ಯಾನ್ ಮಾಡಿದರು. ಇಲ್ಲವೆಂದು ಬರೆದಿದ್ದ ಅಂಗ ಅಲ್ಲಿತ್ತು, ಒಡೆದು, ಹೊಟ್ಟೆಯೆಲ್ಲ ಕೀವು. ಗುರುವಾರ ಡ್ವೇನ್ ಬಂದು ಹೇಳಿದ.

ಶುಕ್ರವಾರ ಕಾರ್ಖಾನೆಯವರು ಸತ್ತವಳಿಗಾಗಿ ಒಂದು ನಿಮಿಷ ಬೆಲ್ಟು ನಿಲ್ಲಿಸುತ್ತಾರೆಂದು ಗೊತ್ತಾಯಿತು. ಡ್ವೇನ್ ಮೊದಲೇ ನನ್ನ ಕಿವಿಯಲ್ಲಿ ಉಸುರಿದ: “ಬೇರೆ ಹೆಸರೆತ್ತಿದ್ಯೋ, ಮುದುಕ, ಮೊದ್ಲು ನೀನು ಗಂಟುಮೂಟೆ ಕಟ್ತೀಯ. ನಿನ್ನ ಹಿಂದೆ ಕಳ್ಳ ಚೀಟಿಯ ಇವ್ರೆಲ್ಲಾ.”

ಬೆಲ್ಟು ನಿಂತಿತು. ಎಲ್ಲರೂ ಟೋಪಿ ತೆಗೆದರು. ಡ್ವೇನ್ ಚೀಟಿ ನೋಡಿ, ಸೋನಿಯಾಳ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಓದಿದ. ಸೋನಿಯಾ ಎಲ್ಲೋ ಬದುಕಿದ್ದಾಳೆ. ಬದುಕಿರುವವಳ ಹೆಸರಲ್ಲಿ ಸತ್ತವರ ಪ್ರಾರ್ಥನೆ ಹೇಳಬಾರದು. ನನ್ನ ಮಗಳಿಗಾಗಿ ಯಾರೂ ಒಂದು ಮಾತು ಹೇಳಿರಲಿಲ್ಲ.

ಪಕ್ಕದಲ್ಲಿ ಕೆಲಸ ಮಾಡುವ ತೋಮಾಸಾ, ಬಾಯಿ ಬಿಡಬೇಡ ಎಂಬಂತೆ, ನನ್ನ ಕೈ ಅದುಮಿದಳು. ಅವಳಿಗೂ ಮಕ್ಕಳಿದ್ದಾರೆ. ಸೋಮವಾರ ನಾನು ಅದುಮಿದ್ದೂ ಹೀಗೆಯೇ.

ಕೈ ಬಿಡಿಸಿಕೊಂಡೆ. ಬಿಲ್ಲೆ ಕಿತ್ತು ಕರುಳಿನ ತೊಟ್ಟಿಗೆ ಹಾಕಿದೆ.

“ಸತ್ತೋಳು ಮಿಕಾಯೆಲಾ ರಾಯ್‌ಮುಂಡೊ. ನಾನು ಅವಳಪ್ಪ, ಗಾಸ್ಪರ್.”

ಡ್ವೇನ್ ಬೆಲ್ಟಿನ ಗುಂಡಿ ಒತ್ತಿದ. ಕೊಯ್ದ ಹಂದಿಗಳು ಕೊಕ್ಕೆಯಲ್ಲಿ ತೂಗಾಡುತ್ತ ಬರತೊಡಗಿದವು. ನಾನು ಒದ್ದೆ ನೆಲದ ಮೇಲೆ ಮೊಣಕಾಲೂರಿದೆ.

ತಂದೇ, ಚರ್ಚಿನಲ್ಲಿ ಅವಳ ಜ್ಞಾನಸ್ನಾನದ ದಿನ ನಿನಗೆ ನಾನು ಹೇಳಿದ ಹೆಸರು ಮಿಕಾಯೆಲಾ. ಅದೇ ಹೆಸರು ಹಿಡಿದು ಅವಳನ್ನು ಕರೆ. ನಿನ್ನ ಬಾಗಿಲಲ್ಲಿ ಅವಳ ಚೀಟಿ ಕೇಳಬೇಡ. ನೋವಿಲ್ಲದ ನಿದ್ರೆಯನ್ನು ಅವಳಿಗೆ ಕೊಡು. ಆಮೆನ್.