ಹುರುಳಿ ಪಾತ್ರೆಯ ಕೆಳಗಿನ ಫಲಕ

ಗ್ವಾದಲೂಪೆಯ ಮೇರಿಮಾತೆಯ ಹಬ್ಬದ ಸಂಜೆಯೇ ನಗರಸಭೆಯ ಸಭೆ ಇಟ್ಟಿದ್ದಾರೆಂದು ಕೇಳಿ ಎಲೋದಿಯಾ ಬರಿಯೆಂತೋಸ್‌ಗೆ ಮೈಯೆಲ್ಲ ಉರಿದುಹೋಯಿತು. ಅಂದು ಮೆರವಣಿಗೆ ಬಿಟ್ಟು ಕೇರಿಯ ಒಂದು ನರಪಿಳ್ಳೆಯೂ ಅತ್ತ ತಲೆ ಹಾಕುವುದಿಲ್ಲ. ಇದು ಸದಸ್ಯ ಬೆತೊಗೆ ಗೊತ್ತಿಲ್ಲದೆ ಇರುತ್ತದೆಯೇ? ಇದೇ ಕೇರಿಯಲ್ಲಿ ಹುಟ್ಟಿದವನು! ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತವಳು ಎಲೋದಿಯಾ. ಅಂದಿನಿಂದ ಅವಳು ಅವನಿಗೆ ಮದ್ರೀನಾ, ಎರಡನೆಯ ತಾಯಿ. ಅವನು ಚುನಾವಣೆಗೆ ನಿಂತಾಗ ಮನೆಮನೆ ತಿರುಗಿ ಓಟು ಕೇಳಿದವಳೂ ಅವಳೇ.

ಈಗ ನಗರಸಭೆ ಆ ಸಭೆಯಲ್ಲಿ ಓಟು ಹಾಕಿ ಕೇರಿಯ ಸಮುದಾಯ ಭವನ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಹೊರಟಿತ್ತು. ಪಾಳುಬಿದ್ದ ಲಾಂಡ್ರಿಯೊಂದನ್ನು ಹಿಡಿದು, ಹೆಂಗಸರೆಲ್ಲ ಜೋಳದ ಹಿಟ್ಟಿನ ಕಡುಬು ತಮಾಲೆ ಬೇಯಿಸಿ ಮಾರಿ, ತಾವೇ ಗಾರೆ ಹೊತ್ತು ಎಬ್ಬಿಸಿದ ಭವನ ಅದು. ಬಿಟ್ಟಿ ದವಾಖಾನೆ ಅಲ್ಲೇ, ಸಂಜೆ ಶಾಲೆ ಅಲ್ಲೇ, ಸಾವಿನ ಮನೆಯವರಿಗೆ ಅಡುಗೆ ಬೇಯುವುದೂ ಅಲ್ಲೇ. ಸಂಬಳವಿಲ್ಲದೆ ದುಡಿದ ಎಲೋದಿಯಾಳ ಆಯುಷ್ಯವೆಲ್ಲ ಆ ಗೋಡೆಗಳೊಳಗಿತ್ತು. ಸಾಲದ್ದಕ್ಕೆ, ಅದೇ ಸಭೆಯಲ್ಲಿ ಅವಳಿಗೆ ‘ಜನಸೇವಕಿ’ ಎಂದು ಮರದ ಫಲಕ ಬೇರೆ ಕೊಡುತ್ತಾರಂತೆ! ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.

“ಮೆರವಣಿಗೆ ಬಿಟ್ಟು ಯಾರು ಬರ್ತಾರೆ ಅಕ್ಕಾ?” ಎಂದು ನೆರೆಮನೆಯ ಒಫೆಲಿಯಾ ಕೈಚೆಲ್ಲಿದಳು.

“ಬಿಡೋದ್ಯಾಕೆ? ಮೆರವಣಿಗೇನೇ ಅಲ್ಲಿಗೆ ಹೋಗ್ಲಿ. ಆ ತಾಯಿಗೆ ನಗರಸಭೆ ದಾರಿ ಗೊತ್ತಿಲ್ವೇನೇ?”

ಹಬ್ಬದ ಸಂಜೆ ಡೋಲು ಬಡಿಯುತ್ತ, ಗುಲಾಬಿ ಹೊತ್ತು ಬಂದ ಮೆರವಣಿಗೆ ಇಗರ್ಜಿಯ ಕಡೆ ಬಲಕ್ಕೆ ತಿರುಗಬೇಕಾದ ಮೂಲೆಯಲ್ಲಿ ಎಡಕ್ಕೆ ತಿರುಗಿತು. ಪಾದ್ರಿ ಒಂದು ಕ್ಷಣ ತಬ್ಬಿಬ್ಬಾದರು, ಆಮೇಲೆ ನಕ್ಕು ತಾವೂ ಎಡಕ್ಕೇ ನಡೆದರು.

ಖಾಲಿ ಕುರ್ಚಿಗಳ ಮುಂದೆ ಆರಾಮಾಗಿ ಕೂತಿದ್ದ ಸದಸ್ಯರ ಮುಖ ನೋಡಬೇಕಿತ್ತು! ಕುಣಿತದವರು, ಅಜ್ಜಿಯರು, ಕಂಕುಳ ಕೂಸುಗಳು, ಕೊನೆಗೆ ಹೆಗಲೇರಿದ ಮಾತೆಯ ಮೂರ್ತಿ. ಬೆತೊ ಬೆವರುತ್ತ ಫಲಕ ಹಿಡಿದು ಕೆಳಗಿಳಿದು ಬಂದ. ಎಷ್ಟು ದೊಡ್ಡವರಾದರೂ ಮದ್ರೀನಾ ಎದುರಾದರೆ ತಲೆಬಾಗಿ ಆಶೀರ್ವಾದ ಬೇಡುವುದು ಕೇರಿಯವರ ರೂಢಿ. ಅಭ್ಯಾಸಬಲದಿಂದ ಅವನ ತಲೆ ತಾನಾಗಿ ಬಾಗಿತು. ಎಲೋದಿಯಾಳ ಕೈಯೂ ಮೇಲೆದ್ದಿತು.

ಮರುಕ್ಷಣ ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಮೊದ್ಲು ಓಟು ಹಾಕು. ಆಮೇಲೆ ಆಶೀರ್ವಾದ.”

“ಮದ್ರೀನಾ, ಎಲ್ರೂ ನೋಡ್ತಿದಾರೆ...”

“ನೋಡ್ಲಿ ಅಂತಾನೇ ಕರ್ಕೊಂಡ್ಬಂದಿದೀನಿ. ಕದ್ದು ಮುಚ್ಚಿ ಮಾಡೋಕೆ ಹೊರಟೋನು ನೀನು, ನಾನಲ್ಲ.”

ಬೆತೊ ಹೋಗಿ ಕೂತ. ಉಳಿದ ಸದಸ್ಯರ ಓಟು ಸಮಸಮವಾಗಿ ಬಿದ್ದು ಎಲ್ಲರ ಕಣ್ಣೂ ಅವನ ಮೇಲೆ ನೆಟ್ಟಿತು. ಕೆಡವಲಿ ಎಂದನೋ, ಎಲೋದಿಯಾಳ ಪಾಲಿಗೆ ಭವನವೂ ಹೋಯಿತು, ಮಗನೂ ಹೋದ. ಆದರೂ ಅವಳು ಕಣ್ಣು ಕೆಳಗಿಳಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ.

ಅವನು ಮಾತೆಯ ಮೂರ್ತಿ ನೋಡಿದ, ಎಲೋದಿಯಾಳನ್ನು ನೋಡಿದ.

“ಕೆಡವೋದು ಬೇಡ,” ಎಂದ.

ಡೋಲಿನ ಸದ್ದಿಗೆ ಕಿಟಕಿಯ ಗಾಜು ನಡುಗಿತು. ಅವನು ಮತ್ತೆ ಇಳಿದು ಬಂದು ತಲೆ ಬಾಗಿಸಿದಾಗ ಅವಳು ಹಣೆಯ ಮೇಲೆ ಶಿಲುಬೆಯ ಗುರುತು ಎಳೆದಳು, ಜೊತೆಗೇ ಕಿವಿಯನ್ನೂ ಹಿಂಡಿದಳು.

“ಇನ್ನೊಂದ್ಸಲ ಹಬ್ಬದ ದಿನ ಸಭೆ ಇಟ್ಟು ನೋಡು!”

ಫಲಕವನ್ನು ಅವಳು ಬೇಡವೆನ್ನಲಿಲ್ಲ. ಒಳ್ಳೆ ದಪ್ಪ ಮರ. ಭವನದ ಅಡುಗೆಮನೆಯಲ್ಲಿ ಕುದಿಯುವ ಹುರುಳಿಯ ಪಾತ್ರೆಯನ್ನು ಇಳಿಸಿದಾಗೆಲ್ಲ ಈಗ ಅದನ್ನೇ ಕೆಳಗಿಡುತ್ತಾರೆ.